ಚೀಲದ ಬಾಯಿಗಿಟ್ಟ ಕೊಬ್ಬರಿ

ಕೊಬ್ಬರಿ ಚೀಲದೊಳಗೆ ಭುಜದವರೆಗೆ ತೋಳು ಇಳಿಸಿ, ತಳದಿಂದ ಒಂದು ಉಂಡೆ ಎಳೆದು ತೆಗೆಯುತ್ತಿದ್ದರು ನಮ್ಮ ದೊಡ್ಡಪ್ಪ. ತಿಪಟೂರಿನ ಮಂಡಿಗಳಲ್ಲಿ ವರ್ತಕರ ಪರವಾಗಿ ಮಾಲು ನೋಡುವುದು ಅವರ ಕೆಲಸ. ಚೀಲದ ಬಾಯಿಗೆ ದಪ್ಪ ಕೊಬ್ಬರಿ ಜೋಡಿಸಿ, ತಳಕ್ಕೆ ಬೂಷ್ಟು ಹಿಡಿದದ್ದನ್ನು ತುಂಬಿ ತಂದವರನ್ನು ಅವರು ಬಿಡುತ್ತಿರಲಿಲ್ಲ. "ಮೇಲ್ಗಡೆ ಮದುವೆ ಹೆಣ್ಣು ಕೂರ್ಸಿದ್ದೀಯಲ್ಲಾ, ತಳ ಯಾರಿಗೆ ತೋರುಸ್ತೀಯಪ್ಪಾ?" ಎಂದು ಎಲ್ಲರೆದುರೇ ಮಾನ ಕಳೆಯುತ್ತಿದ್ದರು.

ಇಂಥ ಮನುಷ್ಯ ಡಾಕ್ಟರ ಮುಂದೆ ಮಾಡಿದ್ದೇನು? ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ರಕ್ತ ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ದೊಡ್ಡಪ್ಪ ಸನ್ಯಾಸಿಯಾಗುತ್ತಿದ್ದರು. ಬರೀ ಮಜ್ಜಿಗೆ, ಸೌತೆಕಾಯಿ. ಮಾತ್ರೆಯೂ ಹೊತ್ತಿಗೆ ಸರಿಯಾಗಿ. ಬೆಳಗಿನ ಖಾಲಿ ಹೊಟ್ಟೆಯ ರಕ್ತ ಕೊಟ್ಟು, ರಿಪೋರ್ಟು ಹಿಡಿದು "ನಾರ್ಮಲ್ ಕಣವ್ವ!" ಎನ್ನುತ್ತ ಹೊರಬಂದವರೇ ಕೊಬ್ಬರಿ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಜೊತೆಗೆ ಹೋದ ನಾನು ಬೈದರೆ ನನಗೂ ಒಂದು ಚೂರು ಕೊಡುತ್ತಿದ್ದರು.

ಆಗಲೇ ಅಂಗಾಲು ಉರಿ ಶುರುವಾಗಿತ್ತು. "ಕೆಂಡ ತುಳಿದಂಗಾಯ್ತದೆ" ಎಂದು ತಣ್ಣೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಬರಬರುತ್ತ ಉರಿ ನಿಂತೇಹೋಯಿತು. "ಉರಿ ಹೋಯ್ತು ಬುಡು, ಕಾಯ್ಲೆನೂ ಹೋದಂಗೇಯ" ಎಂದರು. ದೊಡ್ಡಮ್ಮ ಪಾಯಸ ಮಾಡಿದರು, ನಾವೂ ಉಂಡೆವು. ಉರಿಯುವುದಕ್ಕಾದರೂ ನರದಲ್ಲಿ ಜೀವವಿರಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ನಾನು ತಂದುಕೊಟ್ಟ ಮೆತ್ತನೆಯ ಚಪ್ಪಲಿ ಮನೆಯಲ್ಲಿ ಕೊಬ್ಬರಿ ಕೂಡಿಡುವ ಮಾಲಿನ ಕೋಣೆಯ ಹೊರಗೇ ಬಿದ್ದಿರುತ್ತಿತ್ತು. "ಅನ್ನ ಕೊಡೋ ಕೊಬ್ಬರಿ ಕಣೇ, ಮೆಟ್ಟು ಹಾಕ್ಕಂಡು ಹೋಗ್ತಾರಾ?" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಆ ಕೋಣೆಯಿಂದ ಬಂದು ಕಾಫಿ ಕೇಳಿ ಕುಳಿತರು. ಬಾಗಿಲಿನಿಂದ ಅವರ ಕುರ್ಚಿಯವರೆಗೆ ನೆಲದ ಮೇಲೆ ಕೆಂಪು ಹೆಜ್ಜೆಗಳು. ನಾನು ಕಿರುಚಿಕೊಂಡೆ. ದೊಡ್ಡಪ್ಪ ಗಾಬರಿಯಿಂದ ಸುತ್ತ ನೋಡಿ, "ಯಾರಿಗೆ ಏಟಾಯ್ತವ್ವ?" ಎಂದರು.

ಕರಟದ ಚೂರು ಅಂಗಾಲಿಗೆ ಹೊಕ್ಕು ಎಷ್ಟು ದಿನವಾಗಿತ್ತೋ, ಸುತ್ತ ಕೀವು ತುಂಬಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಬೇರೊಂದು ರಕ್ತ ಪರೀಕ್ಷೆ ಮಾಡಿದರು. "ಇದು ಮೂರು ತಿಂಗಳ ಸಕ್ಕರೆ ಹೇಳುತ್ತಮ್ಮ. ಹತೋಟೀಲಿ ಇಟ್ಟಿದ್ರೆ ನರ ಇಷ್ಟು ಬೇಗ ಹಾಳಾಗ್ತಿರಲಿಲ್ಲ. ಹೋದ ಸ್ಪರ್ಶ ವಾಪಸ್ ಬರೋದು ಕಷ್ಟ" ಎಂದರು ಅಲ್ಲಿಯ ಡಾಕ್ಟರಮ್ಮ.

ಅವರು ಅತ್ತ ಹೋದದ್ದೇ ನಾನು ಸಿಡಿದೆ. "ಇಷ್ಟು ವರ್ಷ ಡಾಕ್ಟ್ರಿಗೆ ಚೀಲದ ಬಾಯಿ ಮಾತ್ರ ತೋರ್ಸಿದ್ರಿ, ಅಲ್ವಾ ದೊಡ್ಡಪ್ಪ?"

ಅವರು ಗೋಡೆ ಕಡೆ ತಿರುಗಿದರು. ಗೋಡೆ ನೋಡುತ್ತಲೇ, "ಅವ್ರೂ ಕೈ ಇಳಿಸಿ ನೋಡ್ಲಿಲ್ಲ ಕಣವ್ವ" ಎಂದರು.

ಅದು ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಕಾಲು ತೆಗೆದರೂ ನಂಜು ನಿಲ್ಲಲಿಲ್ಲ.

ಅವರ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಪಾಯಸ ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಯಾರೋ, "ಶುಗರ್ ನಾರ್ಮಲ್ಲೇ ಇತ್ತಂತೆ, ಹಣೆಬರಹ" ಎಂದರು. ಶೆಟ್ಟಿಕೆರೆಯ ಚಿಕ್ಕಪ್ಪ, ದೊಡ್ಡಪ್ಪನ ಕೊನೆಯ ತಮ್ಮ, ಹೌದೆಂದು ತಲೆಯಾಡಿಸಿ ಎಲೆಯ ಮೇಲೆ ಇನ್ನಷ್ಟು ಪಾಯಸ ಹಾಕಿಸಿಕೊಳ್ಳುತ್ತ, "ನಂಗೂ ಇತ್ತು ಕಣವ್ವ ಆ ಕಾಲುರಿ. ದೇವ್ರು ದೊಡ್ಡೋನು, ಹೋದ ತಿಂಗ್ಳು ನಿಂತೋಯ್ತು" ಎಂದರು.

ಸೌಟು ಕೆಳಗಿಟ್ಟು, ಅವರ ಮುಂದಿದ್ದ ಎಲೆಯನ್ನು ಪಂಕ್ತಿಯ ಮಧ್ಯದಲ್ಲೇ ಎಳೆದುಕೊಂಡೆ.

"ಕಾಲು ಚಾಚಿ ಚಿಕ್ಕಪ್ಪ," ಎಂದೆ, "ಅಂಗಾಲು ತೋರ್ಸಿ."