ತಲೆಯಾಡಿಸುವ ತರಗತಿ

ನಮ್ಮೂರು ನರೋಣಾದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ, ಹಾಸ್ಟೆಲ್ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ತಾಂಜಾನಿಯಾದಿಂದ ಬಂದ ಹುಡುಗಿ. ನಾನು ಡಿಗ್ರಿಯವರೆಗೆ ಕನ್ನಡದಲ್ಲೇ ಓದಿದವಳು. ಅವಳೋ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ನೀರು ಕುಡಿದಂತೆ ಓದುತ್ತಿದ್ದಳು. ಆದರೂ ತರಗತಿಯಲ್ಲಿ ತೊಳಲಾಡುತ್ತಿದ್ದವಳು ಅವಳೇ.

ನಮ್ಮ ಸರ್ ಜೇವರ್ಗಿ ಕಡೆಯವರು. ಅವರ ಇಂಗ್ಲಿಷ್ ನಮ್ಮ ಮಾತಿನ ಧಾಟಿಯಲ್ಲೇ ಓಡುತ್ತಿತ್ತು. ಎಲ್ಲರೂ ನಕ್ಕರೆ ಅವಳು ಒಂದು ಗಳಿಗೆ ತಡೆದು ನಗುತ್ತಿದ್ದಳು. ಸಂಜೆ ಕೋಣೆಗೆ ಬಂದು, ಅಲ್ಲಿ ನಕ್ಕಿದ್ದು ಯಾಕೆ ಎಂದು ಕೇಳುತ್ತಿದ್ದಳು. ನನಗೆ ಜೋಕು ಗೊತ್ತಿರುತ್ತಿತ್ತು, ಹೇಳಲು ಇಂಗ್ಲಿಷ್ ಸಾಲುತ್ತಿರಲಿಲ್ಲ.

ಒಮ್ಮೆ ತರಗತಿ ಮುಗಿಯುವ ಹೊತ್ತಿಗೆ ಸರ್ ಅವಳ ಸೆಮಿನಾರನ್ನು ಶುಕ್ರವಾರದಿಂದ ಬುಧವಾರಕ್ಕೆ 'ಪ್ರಿಪೋನ್' ಮಾಡಿದ್ದಾಗಿ ಹೇಳಿದರು. ನಾವೆಲ್ಲ ತಲೆಯಾಡಿಸಿದೆವು, ಅವಳೂ ಆಡಿಸಿದಳು. ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ನಾವು ಹೇಳುವ ಆ ಶಬ್ದ ಅವಳ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಸೆಮಿನಾರು ಮುಂದಿನ ವಾರದ ಬುಧವಾರಕ್ಕೆ ಹೋಯಿತೆಂದುಕೊಂಡಳು. ಅದೇ ವಾರದ ಬುಧವಾರ ಸರ್ ತರಗತಿಯಲ್ಲಿ ಕಾದರು, ಇವಳು ಲೈಬ್ರರಿಯಲ್ಲಿ ಕುಳಿತಿದ್ದಳು. ಶ್ರದ್ಧೆಯಿಲ್ಲದವಳು ಎಂದು ಸರ್ ಎಲ್ಲರೆದುರು ಅಂದುಬಿಟ್ಟರು. ಅದು ಕಿವಿಗೆ ಬಿದ್ದ ಮೇಲೆ ಅವಳು ಮೆಸ್ಸಿಗೆ ಊಟಕ್ಕೂ ಬರಲಿಲ್ಲ.

ಮರುದಿನ ನಾನೇ ಅವಳನ್ನು ಸರ್ ಕೋಣೆಗೆ ಕರೆದುಕೊಂಡು ಹೋದೆ.

"ಸರ್, ನೀವು ಹೇಳಿದ್ದು ಆಕಿಗಿ ಕೇಳಸ್ಯಾದ್ರಿ, ತಿಳಿದಿಲ್ರಿ," ಎಂದೆ.

ಹಾಗಿದ್ದರೆ ಕೇಳಬಾರದಿತ್ತೇ ಎಂದರು ಸರ್. ಎಲ್ಲರೂ ತಲೆಯಾಡಿಸಿದರು, ತಿಳಿಯದವಳು ನಾನೊಬ್ಬಳೇ ಅಂದುಕೊಂಡೆ ಎಂದು ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಸರ್ ನನ್ನ ಕಡೆ ತಿರುಗಿ, "ದಿಲ್ಲಿಗಿ ಟ್ರೇನಿಂಗ್‌ಗೆ ಹೋದಾಗ ನಾನೂ ಹಿಂಗೇ ಗೋಣ ಹಾಕೊಂತ ಕುಂತಿದ್ದೆ ಯವ್ವಾ," ಎಂದರು. ಸೆಮಿನಾರಿಗೆ ಬೇರೆ ದಿನ ಕೊಟ್ಟರು.

ಅಂದಿನಿಂದ ಅವರು 'ತಿಳೀತಾ' ಎಂದು ಕೇಳುವುದನ್ನೇ ಬಿಟ್ಟರು. ಪಾಠದ ನಡುವೆ ನಿಂತು, ಈಗ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಿದ್ದರು. ಮೊದಲ ದಿನ ಎಬ್ಬಿಸಿದ್ದು ಮುಂದಿನ ಬೆಂಚಿನ ಜಾಣನನ್ನು. ಅವನು ಸುಮ್ಮನೆ ನಿಂತ. ಅವನ ಹಿಂದಿನವನೂ ನಿಂತ. ನಮ್ಮಲ್ಲಿ ಎಷ್ಟೋ ಜನಕ್ಕೆ ಪಾಠ ತಲೆಗೇ ಹತ್ತಿರಲಿಲ್ಲ.

ಸೆಮಿನಾರಿನ ದಿನ ಅವಳು ತನ್ನೂರಿನ ಸಂತೆಗಳ ಬಗ್ಗೆ ಶುರುಮಾಡಿದಳು. ಅವಳ ಉಚ್ಚಾರ, ಅವಳ ವೇಗ, ಒಂದೂ ನಮ್ಮ ಹಿಡಿತಕ್ಕೆ ಸಿಗಲಿಲ್ಲ. ಸರ್ ಕೈಯೆತ್ತಿ, ಸಾವಕಾಶವಾಗಿ ಹೇಳು ಎಂದರು. ಅವಳು ನಕ್ಕು, ಮುಖ್ಯ ಶಬ್ದಗಳನ್ನು ಬೋರ್ಡಿನ ಮೇಲೆ ಬರೆದು ಮತ್ತೆ ಮೊದಲಿನಿಂದ ಹೇಳಿದಳು. ಕೊನೆಗೆ ಅಫಜಲಪುರದ ಸಹಪಾಠಿಯೊಬ್ಬ ಕಬ್ಬಿನ ದರದ ಬಗ್ಗೆ ಏನೋ ಕೇಳಿದ. ತನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಎಂದು ಅವಳು ಎಲ್ಲರೆದುರು ಕೇಳಿದಳು. ಅವನು ಬಿಡಿಸಿ ಬಿಡಿಸಿ ಹೇಳಿದ. ಅವಳು ಉತ್ತರಿಸಿದಳು. ಆ ಉತ್ತರ ಅವನಿಗೆಷ್ಟು ತಿಳಿಯಿತೋ, ನನಗಂತೂ ಮುಕ್ಕಾಲು ಪಾಲು ತಿಳಿಯಿತು.