ಅಕ್ಕನ ಮಾತಿಗೆ ನಾನು ಹಾಕಿದ ಕೆಂಪು ಗುರುತು

ಒಂದು ಕಡೆ ಕೂತು ಮಾಡುವ ಕೆಲಸ ನನಗೆ ಆಗಿಬರುವುದಿಲ್ಲ. ಆದರೂ ಸಿಂಧನೂರಿನ ನಮ್ಮ ಬಾಡಿಗೆ ಮನೆಯ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ. ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ, ಮಾಡುವುದು ಇಷ್ಟೇ: ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ, ಅದು ಪ್ರೀತಿಯೋ ದುಃಖವೋ ಕೋಪವೋ ಬೈಗುಳವೋ ಎಂದು ಗುರುತು ಹಾಕಬೇಕು. ಪ್ರೀತಿಗೆ ಹಸಿರು, ಬೈಗುಳಕ್ಕೆ ಕೆಂಪು. ನಾನೂ ನನ್ನಂಥವರೂ ಗುರುತು ಹಾಕಿದ ರಾಶಿ ರಾಶಿ ವಾಕ್ಯಗಳನ್ನು ನುಂಗಿದ ಮೇಲೆ, ಯಾವ ಶಬ್ದದ ಪಕ್ಕ ಯಾವ ಶಬ್ದ ಬಂದರೆ ಯಾವ ಬಣ್ಣ ಎಂದು ಅದು ತಾನೇ ಅಂದಾಜು ಮಾಡಲು ಕಲಿಯುತ್ತದೆ. ಅದಕ್ಕೆ ದನಿ ಕೇಳುವುದಿಲ್ಲ, ಮುಖ ಕಾಣುವುದಿಲ್ಲ. ಬರೀ ಅಕ್ಷರ. ಹತ್ತು ವಾಕ್ಯ ಮುಗಿಸುವಷ್ಟರಲ್ಲಿ ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದು ಬರುತ್ತೇನೆ.

ಹೋದ ವರ್ಷ ಈ ಕೆಲಸ ಕೊಡುವ ಕಂಪನಿಯವರಿಗೆ ನಮ್ಮ ಕಡೆಯ ಮಾತು ಬೇಕಾಯಿತು. ಪುಸ್ತಕದ ಕನ್ನಡ ಸಾಕು, ರಾಯಚೂರು ಜಿಲ್ಲೆಯವರು ಮನೆಯಲ್ಲಿ ಆಡುವ ವಾಕ್ಯ ಬರೆದು ಕಳಿಸಿ, ಗುರುತನ್ನೂ ನೀವೇ ಹಾಕಿ ಅಂದರು. ನಾನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. ನನ್ನ ಮೊಬೈಲಿನಲ್ಲಿ ಅಕ್ಕ ಇದ್ದಳು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಮ್ಮೂರು ಬಳಗಾನೂರಿನಲ್ಲಿ ಅವ್ವ ಗದ್ದೆಗೆ ನೆಲ್ಲು ಹಚ್ಚಲು ಹೋದರೆ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು. ಲಿಂಗಸುಗೂರಿಗೆ ಮದುವೆಯಾಗಿ ಹೋದ ಮೇಲೆ ಅವಳ ಬಾಯಿ ಬಲು ಜೋರಾಯಿತು. ನಮಗೆಲ್ಲ ಅದೊಂದು ನಗೆಯ ಮಾತು. ದಿನಾ ಬೆಳಿಗ್ಗೆ ಅವಳ ವಾಯ್ಸ್ ಮೆಸೇಜು ಕೇಳಿದರೆ ನನಗೆ ಚಹಾ ಕುಡಿದಷ್ಟು ಚುರುಕು. "ಏ ಮೂಳಿ, ನಿನ್ನ ಹೆಣಾ ಎತ್ಲಿ, ನಾಕ್ ದಿನ ಆತು ಒಂದ್ ಫೋನ್ ಇಲ್ಲ. ಸತ್ತೀಯೋ ಇದ್ದೀಯೋ, ಅದನ್ನರ ಹೇಳ್ಬಾರ್ದೇನ?" ಇಂಥವು ನೂರಾರು. ಅವಳನ್ನು ಒಂದು ಮಾತು ಕೇಳದೆ, ಕೂತು ಬರೆದುಬಿಟ್ಟೆ. ಕಂಪನಿಯಿಂದ ಬಂದ ಬೈಗುಳದ ಪದಪಟ್ಟಿಯಲ್ಲಿ "ಮೂಳಿ" ಇತ್ತು, "ಹೆಣ" ಇತ್ತು. ಪಟ್ಟಿಯಲ್ಲಿರುವ ಪದ ಬಂದರೆ ಕೆಂಪು ಎಂಬುದು ನಿಯಮ. ಹಾಕಿದೆ. ಮುಂದಿನ ವಾಕ್ಯಕ್ಕೆ ಹೋದೆ, ಸುಳ್ಳು ಯಾಕೆ ಹೇಳಲಿ?

ಒಂದು ಮಧ್ಯಾಹ್ನ ಅಕ್ಕ ಹೇಳದೆ ಕೇಳದೆ ಬಂದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಐದನೇ ಇಯತ್ತೆಯವರೆಗೆ ಓದಿದವಳು. ಚಷ್ಮಾ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾಳೆ. ನಾನು ಹೊರಗೆ ಬಂದಾಗ ಅವಳ ಬೆರಳು ಪರದೆಯ ಮೇಲಿತ್ತು.

"ಇದು ನಾ ಅಂದಿದ್ದಲ್ಲೇನ?"

"ಹೌದಕ್ಕ. ಅದು ಕೆಲ್ಸದ್ದು."

"ಇದರ ಮುಂದ ಕೆಂಪು ಅಕ್ಷರದಾಗ ಬೈಗುಳ ಅಂತ ಬರ್ದಾರಲ್ಲ, ಯಾರ್ ಬರ್ದಿದ್ದು?"

ನಾನು ಹಿಟ್ಟಿನ ಕೈ ಒರೆಸುತ್ತಾ ನಿಂತೆ. ಅವಳು ಚಷ್ಮಾ ತೆಗೆದು ಮಡಚಿದಳು. ಎರಡು ರೊಟ್ಟಿ ತಿಂದು, ನಾಲ್ಕರ ಬಸ್ಸಿಗೆ ಹೋದಳು.

ಮರುದಿನದಿಂದ ಬೈಗುಳ ನಿಂತವು. "ಚೆನ್ನಾಗಿದ್ದೀರಾ? ಊಟ ಆಯಿತಾ? ಆರೋಗ್ಯ ನೋಡಿಕೊಳ್ಳಿ." ದನಿ ಇಲ್ಲ, ಅಕ್ಷರ ಮಾತ್ರ, ಮಗಳ ಕೈಲಿ ಟೈಪ್ ಮಾಡಿಸಿದ್ದು. ಅಯ್ಯೋ ಶಿವನೇ! ನಮ್ಮ ಮನೆತನದಲ್ಲಿ ಯಾರಾದರೂ ಇಷ್ಟು ಮರ್ಯಾದೆಯಿಂದ ಮಾತಾಡಿದರೆ ಸಂಬಂಧ ಕಡಿದುಕೊಂಡರು ಅಂತಲೇ ಅರ್ಥ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗಂಡ "ಏನಾಗೈತಿ ನಿನಗ, ಮನಿ ತುಂಬ ತಿರಗಾಕತ್ತಿದಿ?" ಅಂತ ಕೇಳಿದರೆ ಅವನ ಮೇಲೆ ಹರಿಹಾಯ್ದೆ. ಅಕ್ಕನ ಆ ಮರ್ಯಾದೆಯ ಮೆಸೇಜನ್ನು, ನಾವೇ ಕಲಿಸಿದ ಯಂತ್ರದ ಪರೀಕ್ಷೆಯ ಪುಟದಲ್ಲಿ ಹಾಕಿ ನೋಡಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು: ಪ್ರೀತಿ. ಹಸಿರು. ಲ್ಯಾಪ್‌ಟಾಪನ್ನು ಧಡ್ ಎಂದು ಮುಚ್ಚಿದೆ.

ಬೆಂಗಳೂರಿನಲ್ಲಿ ಕೂತು ನಮ್ಮ ಕೆಲಸ ನೋಡುವವರಿಗೆ ಫೋನು ಹಚ್ಚಿದೆ. ಅಕ್ಕನ ಮಾತಿಗೆ ಹಾಕಿದ ಕೆಂಪು ಗುರುತುಗಳನ್ನು ಬದಲಿಸಿ, ಅವೆಲ್ಲ ಪ್ರೀತಿಯ ಮಾತು ಅಂದೆ.

"ಮೇಡಂ, ಪಟ್ಟಿಯಲ್ಲಿರೋ ಪದ ಬಂದಿದೆಯಲ್ಲ. ಇನ್ನಿಬ್ಬರು ನೋಡಿ ಅವರೂ ಬೈಗುಳ ಅಂತಲೇ ಹಾಕಿದ್ದಾರೆ."

"ಯಾರು ಯಾರಿಗೆ ಅಂದರು ಅಂತ ಬರೆಯೋಕೆ ಒಂದು ಜಾಗ ಕೊಡಿ ಹಾಗಾದರೆ."

"ಅಷ್ಟೆಲ್ಲ ಬರೀತಾ ಹೋದ್ರೆ ಈ ಕೆಲಸ ಮುಗಿಯಲ್ಲ ಮೇಡಂ," ಅಂದರು. ಒಳ್ಳೆಯ ಮನುಷ್ಯರೇ. ಬೇಜಾರು ಮಾಡಿಕೊಳ್ಳಬೇಡಿ ಅಂತಲೂ ಅಂದರು.

ಆ ವಾರವೇ ಅಕ್ಕನ ಊರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತೇ ನಿಂತಿತು. ಕಂಡಕ್ಟರು ಚಹಾ ಕುಡಿದು ಬರುವುದರೊಳಗೆ ನಾನು ಎರಡು ಸಲ ಇಳಿದು ಹತ್ತಿದೆ. ಇಳಿದವಳು ಹಾಗೇ ಸಿಂಧನೂರಿನ ಬಸ್ಸು ಹಿಡಿದು ವಾಪಸ್ ಹೋಗಿಬಿಡಲೇ ಅನ್ನಿಸಿದ್ದೂ ಉಂಟು. ಹೋಗಲಿಲ್ಲ.

ಲಿಂಗಸುಗೂರಿನಲ್ಲಿ ಅಕ್ಕ ಬಾಗಿಲಲ್ಲೇ "ಬರ್ರಿ, ಕುಂದರ್ರಿ" ಅಂದಳು. ಬೀಗರಿಗೆಂದು ಎತ್ತಿಟ್ಟ ಕಪ್ಪಿನಲ್ಲಿ ಚಹಾ ಕೊಟ್ಟಳು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅಕ್ಕಾ, ಸಾಕ್ ಮಾಡ್. ತಪ್ಪಾತು. ಅದು ಮಷೀನು, ಅದಕ ಏನ್ ತಿಳಿತದ? ಅದಕ್ಕಾಗಿ ನನ್ ಕೂಡ ಮಾತ್ ಬಿಡ್ತಿ ಏನ?"

"ಮಷೀನಿನ ಮ್ಯಾಲ ನನಗ್ಯಾಕ ಸಿಟ್ಟು?" ಅಂದಳು ಅಕ್ಕ. ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. "ನೀ ಬರ್ದಿದ್ದು ಸುಳ್ಳಲ್ಲ. ಈ ಮಾತೆಲ್ಲ ನಾ ಎಲ್ಲಿ ಕಲ್ತೀನಿ ಗೊತ್ತೈತೇನ? ನಮ್ಮತ್ತಿ ಬಾಯಾಗಿಂದ. ಆಕಿ ಸಾಯೂತನ ನನಗ ಇವನ್ನ ಅಂದ್ಲು, ನಾ ಇಲ್ಲೇ ಕುಂತು ಅಳ್ತಿದ್ದೆ. ಆಮ್ಯಾಲ ಅದನ್ನ ನಿನಗ ನಕ್ಕೋತ ಅಂದ್ರ ನನ್ನ ಜೀವಕ್ಕ ಹಗುರಾಗ್ತಿತ್ತು. ನಿನಗ ಹತ್ತೂದಿಲ್ಲ ಅಂತ ತಿಳ್ಕೊಂಡಿದ್ದೆ. ಅವತ್ತ ಅದನ್ನ ಓದಿದಾಗಿಂದ ನಿದ್ದಿ ಇಲ್ಲ ನನಗ. ನಾನೂ ನಮ್ಮತ್ತಿನ ಆಗೀನೇನ? ಖರೇ ಹೇಳು. ನಿನಗ ಯಾವತ್ತರ ಮನಸಿಗೆ ಹತ್ತಿತ್ತೇನ?"

ಇಲ್ಲ ಅನ್ನಬೇಕಿತ್ತು. ಪರದೆಯ ಮೇಲಿನ ವಾಕ್ಯಕ್ಕೆ ಉಸಿರು ಬಿಡುವುದರೊಳಗೆ ಗುರುತು ಹಾಕುವವಳು, ಅಕ್ಕನ ಮುಂದೆ ತಡವರಿಸಿದೆ. ಬೆನ್ನು ತಿರುಗಿಸಿ ಕೂತಿದ್ದರೂ ಅವಳಿಗೆ ಅದು ತಿಳಿದುಬಿಟ್ಟಿತು.

"ಒಂದ್ಸಲ ಹತ್ತಿತ್ತು," ಅಂದೆ. "ದವಾಖಾನ್ಯಾಗ."

ಕೆಲವು ವರ್ಷಗಳ ಹಿಂದೆ, ಐದನೇ ತಿಂಗಳಿಗೆ, ನನ್ನ ಹೊಟ್ಟೆಯಲ್ಲಿದ್ದ ಕೂಸು ಉಳಿದಿರಲಿಲ್ಲ. ಅಕ್ಕ ಮೊದಲ ಬಸ್ಸಿಗೆ ಗಂಜಿ ಕಟ್ಟಿಕೊಂಡು ಬಂದಿದ್ದಳು. ನನ್ನನ್ನು ಎಬ್ಬಿಸಿ ಕೂರಿಸುತ್ತಾ, "ಏಳ್ ಮೂಳಿ, ನಿನ್ನ ಕೈಲೆ ಒಂದೂ ನೆಟ್ಟಗ ಆಗಂಗಿಲ್ಲ ನೋಡ್" ಅಂದಿದ್ದಳು. ನಗಿಸಲೆಂದೇ ಅಂದದ್ದು. ನಾನು ನಕ್ಕಿದ್ದೆ ಕೂಡ. ಅವಳು ಹೋದ ಮೇಲೆ ಗೋಡೆ ಕಡೆ ಹೊರಳಿ ಸಂಜೆತನಕ ಅತ್ತಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅವತ್ತು ಅದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಒಮ್ಮೆಲೇ ನನ್ನ ಕಡೆ ತಿರುಗಿ, "ಅವತ್ತ ಹೇಳಾಕ ನಿನಗೇನ್ ದಾಡಿ ಆಗಿತ್ತು, ಮೂ..." ಅಂದವಳು ಗಪ್ಪನೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಬೈಯಕ್ಕಾ," ಅಂದೆ. ಅವಳ ಕೈ ಹಿಡಿದು ಜಗ್ಗಿದೆ. "ನಿನ್ನ ಕಾಲಿಗೆ ಬೀಳ್ತೀನಿ, ಪೂರಾ ಬೈ."

ಅವಳು ತಲೆ ಅಲ್ಲಾಡಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಸ್ವಲ್ಪ ತಡೆದು, "ಊಟ ಮಾಡ್ಕೊಂಡು... ಹೋಗು, ತಂಗೀ" ಅಂದಳು. ಅಕ್ಕ ಹೀಗೆ ಹೆದರಿ, ಒಂದೊಂದೇ ಶಬ್ದ ಆರಿಸಿಕೊಂಡು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.