ಅಪ್ಪ ಟಿವಿಗೆ ಕೊಟ್ಟ ಉತ್ತರ

ನೋಡ್ರಪಾ, ನಮ್ಮ ಅಪ್ಪ-ಅವ್ವ ಮಾತು ಬಿಟ್ಟು ಇವತ್ತಿಗೆ ಮೂರು ದಿನ. ಕುಂದಗೋಳದ ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗ ಅಪ್ಪ, ಅವ್ವನ ಎದುರಿಗೇ, "ರೊಟ್ಟಿ ಅಂದ್ರ ಹಿಂಗಿರಬೇಕ ನೋಡ್ರಿ" ಅಂದುಬಿಟ್ಟಿದ್ದರು. ಅಂದಿನಿಂದ "ನಿಮ್ಮಪ್ಪಗ ಉಣ್ಣಾಕ ಬಾ ಅನ್ನು" ಎಂಬುದನ್ನೂ ನಾನೇ ಮುಟ್ಟಿಸಬೇಕು.

ಇವತ್ತು ಸಂಜೆ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಪಡಸಾಲೆಯಲ್ಲಿ ತಮ್ಮ ಹಾಸ್ಯ ಧಾರಾವಾಹಿ ನೋಡುತ್ತಿದ್ದರು. ಅದರ ಗಂಡ-ಹೆಂಡತಿಯ ಜಗಳ ಈಗ ಕೌನ್ಸೆಲಿಂಗ್‌ವರೆಗೆ ಹೋಗಿದೆ. ಅಲ್ಲಿನ ಮೇಡಂ ಗಂಡನನ್ನು ಕೇಳಿದರು: "ಹೆಂಡತಿಯ ಮನಸ್ಸಿಗೆ ನೋವಾದರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವನು ಬಾಯಿ ತೆರೆಯುವವರೆಗೂ ಅಪ್ಪನಿಗೆ ತಡೆಯಲಾಗಲಿಲ್ಲ. "ರೊಟ್ಟಿ ಸಪ್ಪಳದಾಗ ಗೊತ್ತಾಗ್ತೈತಿ ಹೇಳಲೇ! ಸಿಟ್ಟಿದ್ರ ದಬದಬ ಬಡೀತಾಳ. ಅಳು ಬಂದಿದ್ರ ಸಾವಕಾಶ ಬಡೀತಾಳ. ನಮ್ಮಾಕಿ ಮೂರು ದಿನಾತು, ಸಾವಕಾಶನ ಬಡಿಯಾಕತ್ತಾಳ."

ಒಳಗಿನ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಇಷ್ಟೆಲ್ಲಾ ಗೊತ್ತಿದ್ರ ಒಳಗ ಬಂದು ಒಂದ್ ಮಾತ ಆಡಾಕ ಏನಾಗಿತ್ರಿ ನಿಮಗ?"

"ಹಂಚಿನ ಮ್ಯಾಲಿಂದು ಹೊತ್ತತೈತಿ, ನಡಿ" ಎನ್ನುತ್ತಾ ಅಪ್ಪ ಅವಳ ಹಿಂದೆಯೇ ಒಳಗೆ ಹೋದರು.

ಈಗ ದಬದಬ ಸದ್ದು ಬೀದಿಗೆ ಕೇಳಿಸುತ್ತಿದೆ. ಸದ್ಯ, ಮನೆ ಸರಿಹೋಯಿತು.